ಗರಾಜಿನ ಹೊಸಿಲಿಗೆ ನೀರು

ನಾನು ಬೆಳೆದ ಮನೆಗೆ ಎರಡು ಬಾಗಿಲುಗಳಿದ್ದವು. ಮುಂದಿನದರಲ್ಲಿ ಯಮನಿದ್ದ, ಪಕ್ಕದ್ದರಲ್ಲಿ ಕರಿದ ಎಣ್ಣೆಯ ವಾಸನೆಯಿತ್ತು. ಯಮನನ್ನು ನಾನು ಕಂಡವಳಲ್ಲ. ಆ ಎಣ್ಣೆಯ ವಾಸನೆಯನ್ನು ಮಾತ್ರ ಇವತ್ತಿಗೂ ಯಾವ ಮೂಲೆಯಲ್ಲಿದ್ದರೂ ಗುರುತು ಹಿಡಿಯಬಲ್ಲೆ. ವೆಸ್ಟ್ ಬ್ಲೂಮ್‌ಫೀಲ್ಡಿನ ಆ ಬಡಾವಣೆಯಲ್ಲಿ ನಮ್ಮ ಮನೆಯ ಮುಂಬಾಗಿಲು ದಕ್ಷಿಣಕ್ಕಿತ್ತು, ಗರಾಜಿನ ಬಾಗಿಲು ಪೂರ್ವಕ್ಕೆ. ಮನೆ ಕೊಳ್ಳುವಾಗ ಅಪ್ಪ ಸ್ಕೂಲು ನೋಡಿದ್ದ, ಛಾವಣಿ ನೋಡಿದ್ದ, ದಿಕ್ಕು ನೋಡಿರಲಿಲ್ಲ. ಎರಡನೇ ವರ್ಷ ಅವನ ಆಫೀಸಿನಲ್ಲಿ ಅವನ ಗುಂಪಿನ ಅರ್ಧದಷ್ಟು ಜನರನ್ನು ಒಂದೇ ಮಧ್ಯಾಹ್ನ ಮನೆಗೆ ಕಳಿಸಿದರು. ವೀಸಾದ ಮೇಲಿದ್ದವನಿಗೆ ಕೆಲಸ ಹೋದರೆ ಮನೆ, ಮಗಳ ಸ್ಕೂಲು, ದೇಶ ಎಲ್ಲವೂ ಒಟ್ಟಿಗೇ ಹೋಗುತ್ತದೆ. ಅಪ್ಪನ ಕೆಲಸ ಉಳಿಯಿತು, ಆದರೆ ಅಂಜಿಕೆ ಹೊಕ್ಕಿತು. ಮುಂದಿನ ಭಾನುವಾರ ಅವನು ದಿಕ್ಸೂಚಿ ಹಿಡಿದುಕೊಂಡು ಮನೆಯೆಲ್ಲ ಓಡಾಡಿದ. ದಕ್ಷಿಣ ಯಮನ ದಿಕ್ಕು, ಅಲ್ಲಿ ಭಾರ ಇರಬೇಕು, ಓಡಾಟ ಇರಬಾರದು ಎಂದು ತೀರ್ಮಾನಿಸಿ, ಮನೆ ಖಾಲಿ ಮಾಡುತ್ತಿದ್ದ ಯಾರೋ ಒಬ್ಬರಿಂದ ಒಂದು ಓಕ್ ಮರದ ಬೀರು ತಂದು ಮುಂಬಾಗಿಲಿಗೆ ಅಡ್ಡ ನಿಲ್ಲಿಸಿದ. ಒಳಗೆ ಸೋನಾ ಮಸೂರಿ ಅಕ್ಕಿಯ ಮೂಟೆಗಳು, ಮೇಲೆ ವಿಮಾನದ ಚೀಟಿಗಳು ಇನ್ನೂ ನೇತಾಡುತ್ತಿದ್ದ ಸೂಟ್‌ಕೇಸುಗಳು. ಬಾಗಿಲಿನ ಸಂದುಗಳಿಗೆ ಗಾಳಿ ಬಾರದ ಹಾಗೆ ಪ್ಲಾಸ್ಟಿಕ್ ಹಾಳೆ ಹಚ್ಚಿ ಟೇಪು ಸುತ್ತಿದ. ಆ ದಿನದಿಂದ ಗರಾಜೇ ನಮ್ಮ ಮಹಾದ್ವಾರವಾಯಿತು.

ಮಹಾದ್ವಾರದ ವೈಭವವನ್ನು ಸ್ವಲ್ಪ ಹೇಳಬೇಕು. ಒಳಗೆ ಕರಿದರೆ ಕೋಟುಗಳಿಗೆಲ್ಲ ವಾಸನೆ ಹಿಡಿಯುತ್ತದೆ ಎಂದು ನಮ್ಮ ಕಡೆಯ ಎಷ್ಟೋ ಮನೆಗಳಂತೆ ನಾವೂ ಗರಾಜಿನಲ್ಲೇ ಕರಿಯುತ್ತಿದ್ದೆವು. ಮೂಲೆಯಲ್ಲಿ ಒಂದು ಗ್ಯಾಸ್ ಒಲೆ, ಅದರ ಮೇಲೆ ಸದಾ ಬಾಣಲೆ, ಬಾಣಲೆಯಲ್ಲಿ ಗಣೇಶನ ಹಬ್ಬದಿಂದ ದೀಪಾವಳಿಗೆ, ದೀಪಾವಳಿಯಿಂದ ಸಂಕ್ರಾಂತಿಗೆ ಬಂದ ಅದೇ ಎಣ್ಣೆ. ಚಳಿಗೆ ಅದು ಗಟ್ಟಿಯಾಗಿ ಕಂದು ಮೇಣವಾಗಿರುತ್ತಿತ್ತು. ಅದರಲ್ಲಿ ಚಕ್ಕುಲಿಯ ಮುರುಕು, ಸಾಸಿವೆ, ಒಮ್ಮೊಮ್ಮೆ ಒಂದು ನೊಣ. ನಮ್ಮ ಕೋಟುಗಳನ್ನು ತೂಗುಹಾಕುವ ಗೂಟಗಳು ಅದರ ಪಕ್ಕದಲ್ಲೇ ಇದ್ದವು, ಯಾಕೆಂದರೆ ಎಲ್ಲರೂ ಒಳಗೆ ಬರುವುದು ಅಲ್ಲಿಂದಲೇ ತಾನೆ. ಅಂದರೆ ಯಾವ ವಾಸನೆಯಿಂದ ಕೋಟುಗಳನ್ನು ಕಾಪಾಡಲು ಒಲೆಯನ್ನು ಹೊರಗಿಟ್ಟೆವೋ ಅದರ ಮಗ್ಗುಲಿಗೇ ಕೋಟುಗಳನ್ನೂ ತಂದಿಟ್ಟಿದ್ದೆವು. ಎಂಜಿನಿಯರನ ಮನೆಯಲ್ಲಿ ಇದು ಯಾರಿಗೂ ಹೊಳೆಯಲಿಲ್ಲ. ಸ್ಕೂಲ್ ಬಸ್ಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗಿ ಒಂದು ದಿನ ನನ್ನ ತೋಳಿಗೆ ಮೂಗು ತಂದು, ನಿನ್ನೆಯ ಫ್ರೈಸ್ ವಾಸನೆ ಬರುತ್ತದೆ ಎಂದಳು. ಅವಳು ಕೆಟ್ಟದ್ದಕ್ಕೆ ಹೇಳಿದ್ದಲ್ಲ. ನಾನು ಮಾತ್ರ ಆ ಚಳಿಗಾಲವಿಡೀ ಬಸ್ಸು ಬರುವವರೆಗೆ ಕೋಟನ್ನು ಬಿಚ್ಚಿ ಗಾಳಿಗೆ ಒದರುತ್ತ ನಿಲ್ಲುತ್ತಿದ್ದೆ. ನನಗೆ ಆಗ ಹನ್ನೆರಡು ವರ್ಷ.

ನೆಲದ ಕಥೆ ಇನ್ನೂ ಹೊಲಸು. ಕಾರಿನ ಚಕ್ರಗಳಿಗೆ ಅಂಟಿ ಬಂದ ಬೂದುಬಣ್ಣದ ಹಿಮ ಕರಗಿ, ರಸ್ತೆಗೆ ಹಾಕಿದ ಉಪ್ಪು ಸೇರಿ, ಡಿಸೆಂಬರಿನಿಂದ ಮಾರ್ಚಿನವರೆಗೆ ಅಲ್ಲೊಂದು ಕೊಚ್ಚೆ ನಿಂತಿರುತ್ತಿತ್ತು. ಅದರ ಅಂಚಿನಲ್ಲಿ ನಮ್ಮ ಶೂಗಳ ಸಾಲು. ಇದೇ ಕೊಚ್ಚೆಯ ಆಚೆ ತುದಿಯಲ್ಲಿ, ಬಾಗಿಲಿನ ತಳದ ರಬ್ಬರ್ ಪಟ್ಟಿ ಕಾಂಕ್ರೀಟಿಗೆ ಒತ್ತುವ ಜಾಗವೇ ನಮ್ಮ ಹೊಸಿಲು. ಶುಕ್ರವಾರ ಶುಕ್ರವಾರ ಅಮ್ಮ ಅಲ್ಲಿ ಮೊಣಕಾಲೂರಿ ಬಿಸಿನೀರಿನ ಬಟ್ಟೆಯಿಂದ ಒರೆಸಿ, ರಬ್ಬರ್ ಪಟ್ಟಿಗೆ ಅರಿಶಿನ ಕುಂಕುಮ ಹಚ್ಚಿ, ಎರಡು ಕಾರುಗಳ ಹಿಂದೆ ಸಿಕ್ಕಷ್ಟು ಜಾಗದಲ್ಲಿ ರಂಗೋಲಿ ಎಳೆಯುತ್ತಿದ್ದಳು. ಹೊರಗೆ ಚೌಕಟ್ಟಿಗೆ ಪ್ಲಾಸ್ಟಿಕ್ಕಿನ ಮಾವಿನ ತೋರಣ. ಎಂಟು ಗಂಟೆಗೆ ಅಪ್ಪನ ಕಾರು ರಂಗೋಲಿಯ ಮೇಲೇ ಹಾದು ಆಫೀಸಿಗೆ ಹೋಗುತ್ತಿತ್ತು. ಅಮ್ಮ ಒಂದು ದಿನವೂ ಮುಖ ಸಿಂಡರಿಸಿದ್ದನ್ನು ನಾನು ನೋಡಿಲ್ಲ. ಆ ಮನೆಯಲ್ಲಿ ಹೇಸಿಗೆಪಡುವ ಕೆಲಸವನ್ನೆಲ್ಲ ನಾನೊಬ್ಬಳೇ ವಹಿಸಿಕೊಂಡಿದ್ದೆ.

ಅಮ್ಮ ಮೈಸೂರಿನಲ್ಲಿ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದವಳು. ಗಂಡನ ವೀಸಾಕ್ಕೆ ಜೋತುಬಿದ್ದು ಬಂದ ಮೇಲೆ ಏಳು ವರ್ಷ ಅವಳಿಗೆ ಇಲ್ಲಿ ದುಡಿಯುವ ಹಕ್ಕಿರಲಿಲ್ಲ. ಆ ವರ್ಷ ಅನುಮತಿಯ ಕಾಗದ ಬಂತು. ಮನೆಯ ಕೆಲಸದ ನಡುವೆ ಪರೀಕ್ಷೆ ಕಟ್ಟಿ ಪಾಸು ಮಾಡಿದಳು. ಎಷ್ಟೋ ಕಡೆ ಅಪ್ಲೈ ಮಾಡಿದ ಮೇಲೆ ಸೌತ್‌ಫೀಲ್ಡಿನ ಒಂದು ಲ್ಯಾಬಿನವರು ಇಂಟರ್‌ವ್ಯೂಗೆ ಕರೆದರು. ಸಂಕ್ರಾಂತಿ ಸೋಮವಾರ, ಇಂಟರ್‌ವ್ಯೂ ಅದೇ ವಾರದ ಗುರುವಾರ ಬೆಳಗ್ಗೆ ಹತ್ತಕ್ಕೆ. ಅದಕ್ಕಾಗಿ ಒಂದು ಕಪ್ಪು ಪ್ಯಾಂಟು, ಕಪ್ಪು ಕೋಟು ತಂದಿದ್ದಳು. ಅದನ್ನು ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ಮನೆಯಲ್ಲೇ ಅತಿ ದೂರದ ಜಾಗವಾದ ನನ್ನ ಕೋಣೆಯ ಕಿಟಕಿಗೆ ತೂಗುಹಾಕಿದಳು. ಹದಿನೈದು ದಿನ ಮೊದಲೇ ಒಳಗಿನ ಅಡುಗೆಮನೆಯಲ್ಲಿ ಒಗ್ಗರಣೆ ನಿಂತಿತು. ಒಗ್ಗರಣೆಯಿಲ್ಲದ ಸಾರನ್ನು ಅಪ್ಪ ಎರಡು ದಿನ ಬಾಯಿಮುಚ್ಚಿ ಉಂಡ, ಮೂರನೇ ದಿನ ಕೇಳಿದ.

"ಏನಿದು, ಜ್ವರ ಬಂದೋರಿಗೆ ಮಾಡಿದ ಹಾಗಿದೆ?"

"ಇಂಟರ್‌ವ್ಯೂ ಮುಗೀಲಿ ರೀ. ಆಮೇಲೆ ದಿನಾ ಇಂಗು ಸಾಸಿವೆ ಹಾಕಿ ಮಾಡ್ತೀನಿ."

ಅಮ್ಮನಿಗೂ ಮೂಗಿದೆ ಎನ್ನುವುದು ನನಗೆ ತಿಳಿದದ್ದು ಆಗ.

ಸಂಕ್ರಾಂತಿಯ ಬೆಳಗ್ಗೆ ಹೊರಗೆ ಮೈನಸ್ ನಾಲ್ಕು ಡಿಗ್ರಿ ಫ್ಯಾರನ್‌ಹೀಟ್. ಅಮ್ಮ ಆರು ಗಂಟೆಗೇ ಗರಾಜಿಗಿಳಿದು ಹೊಸಿಲು ಒರೆಸಿ ಅರಿಶಿನ ಹಚ್ಚಿ ಬಂದಳು. ಚಳಿಗಾಲದಲ್ಲಿ ಅಲ್ಲಿಗೆ ನೀರು ಹಾಕುವಂತಿಲ್ಲ, ಹಿಂಡಿದ ಬಟ್ಟೆಯಿಂದ ಒರೆಸಬೇಕಷ್ಟೆ ಎನ್ನುವುದು ಅವಳಿಗೆ ಗೊತ್ತಿದ್ದ ಮಾತೇ. ಒಳಗೆ ಹುಗ್ಗಿಗೆ ಇಟ್ಟಿದ್ದರಿಂದ ಬಕೆಟ್ಟನ್ನು ಅಲ್ಲೇ ಬಿಟ್ಟು ಬಂದು ನನ್ನನ್ನು ಕೂಗಿದಳು.

"ಪುಟ್ಟಿ, ಆ ಬಕೆಟ್ ನೀರು ಒಳಗೆ ತಂದು ಟಾಯ್ಲೆಟ್‌ಗೆ ಸುರಿಯಮ್ಮ."

"ವೈ ಮಿ?"

"ಹಬ್ಬದ ದಿನ ಎದುರು ಮಾತಾಡ್ಬೇಡ. ಹೋಗು."

ಹೋದೆ. ಬಕೆಟ್ಟಿನೊಳಗೆ ನೋಡಿದೆ. ಹಳದಿ ನೀರು, ಮೇಲೆ ಎಣ್ಣೆಯ ಕಣ್ಣುಗಳು, ಒಂದು ಉದ್ದ ಕೂದಲು, ಸತ್ತ ಹುಳುಗಳು ಎರಡೋ ಮೂರೋ. ಅದನ್ನು ಎದೆಯ ಹತ್ತಿರ ಎತ್ತಿ ಹಿಡಿದು, ತುಳುಕಿಸಿಕೊಳ್ಳುತ್ತ ಒಳಗಿನವರೆಗೆ ಹೊರುವುದನ್ನು ನೆನೆದೇ ನನಗೆ ವಾಕರಿಕೆ ಬಂತು. ಬಾಗಿಲಿನ ಕೆಳಗಿಂದ ಹೊರಗೆ ಹರಿದು ಹೋಗುತ್ತದೆ ಎಂದುಕೊಂಡು ಬಕೆಟ್ಟನ್ನು ಅಲ್ಲೇ ಹೊಸಿಲಿಗೆ ಬಗ್ಗಿಸಿದೆ. ಹೊರಗೆ ಹೋಗಲಿಲ್ಲ. ರಬ್ಬರ್ ಪಟ್ಟಿಯುದ್ದಕ್ಕೂ ನಿಂತು, ಸ್ವಲ್ಪ ವಾಪಸು ಬಂದು ನನ್ನ ಬಿಳಿ ಸಾಕ್ಸನ್ನು ಒದ್ದೆ ಮಾಡಿತು. ಖಾಲಿ ಬಕೆಟ್ ತಂದು ಅದರ ಜಾಗದಲ್ಲಿಟ್ಟೆ. ಒದ್ದೆ ಸಾಕ್ಸಿನಲ್ಲೇ ಕೂತು ಹುಗ್ಗಿ ತಿಂದೆ. ಎಳ್ಳುಬೆಲ್ಲ ಕೊಡುವಾಗ ಅಮ್ಮ, ಒಳ್ಳೆಯ ಮಾತಾಡು ಎಂದಳು. ನಾನು ಮಾತೇ ಆಡಲಿಲ್ಲ.

ಅದಾಗಿ ಒಂದೂವರೆ ಗಂಟೆ ಕಳೆದ ಮೇಲೆ ಅಪ್ಪ ಕಾರಿನಲ್ಲಿ ಕೂತು ರಿಮೋಟ್ ಒತ್ತಿದ. ಮೇಲಿನ ಮೋಟಾರು ನರಳಿತು. ಬಾಗಿಲು ಅಲುಗಲಿಲ್ಲ, ಅದರ ತಳ ಹಳದಿ ಐಸಿನಲ್ಲಿ ಹೂತಿತ್ತು. ಅಪ್ಪ ಇನ್ನೊಮ್ಮೆ ಒತ್ತಿದ, ಮತ್ತೊಮ್ಮೆ ಒತ್ತಿದ. ಚರ್ಮ ಸುಲಿದಂಥ ಸದ್ದು ಮಾಡಿ ರಬ್ಬರ್ ಕಿತ್ತುಬಂತು, ಬಾಗಿಲು ಸೊಟ್ಟಗೆ ಒಂದು ಗೇಣು ಮೇಲೆದ್ದಿತು, ಅಷ್ಟರಲ್ಲಿ ಬಾಗಿಲಿನ ಭಾರ ಎತ್ತುವ ಮೇಲಿನ ಸ್ಪ್ರಿಂಗು ಲಕ್ಷ್ಮೀ ಪಟಾಕಿಯಂತೆ ಢಮ್ಮೆಂದು ತುಂಡಾಯಿತು. ಅಮ್ಮ ಸೌಟು ಹಿಡಿದೇ ಓಡಿ ಬಂದಳು. ಎರಡು ಕಾರೂ ಒಳಗೆ ಸಿಕ್ಕಿಕೊಂಡಿದ್ದವು. ಅಪ್ಪ ಕೆಳಗಿಳಿದು ಬಗ್ಗಿ ಐಸನ್ನು ನೋಡಿದ, ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದ.

"ಇಲ್ಲಿ ನೀರು ಹಾಕಿದ್ದು ಯಾರು?"

"ಒರೆಸಿದ್ದು ಅಷ್ಟೇ ರೀ. ಹಿಂಡೇ ಒರೆಸಿದ್ದು."

"ಒರೆಸಿದ್ರೆ ಇಷ್ಟು ಐಸ್ ಕಟ್ಟತ್ತಾ ಸುಧಾ?"

ಅಮ್ಮ ಕೈಯಲ್ಲಿದ್ದ ಸೌಟನ್ನು ನೋಡಿಕೊಂಡಳು.

"ಹಿಂಡಿದ್ದು ಸಾಕಾಗ್ಲಿಲ್ವೇನೋ. ನಾನೇ ಇರ್ಬೇಕು."

ನಾನು ಅಲ್ಲೇ ಇದ್ದೆ, ಮೂರಡಿ ದೂರದಲ್ಲಿ. ಬಾಯಿ ತೆರೆದರೆ ಮುಗಿಯುತ್ತಿತ್ತು. ತೆರೆಯಲಿಲ್ಲ.

ಅಪ್ಪ ಕಾರಿನ ಕಂಪನಿಯೊಂದರಲ್ಲಿ ಡಿಕ್ಕಿಯ ಮುಚ್ಚಳವನ್ನು ಎತ್ತಿ ಹಿಡಿಯುವ ಸ್ಪ್ರಿಂಗುಗಳ ಎಂಜಿನಿಯರ್. ದೀಪದ ಬುಡದಲ್ಲಿ ಕತ್ತಲು ಅನ್ನುವುದನ್ನು ನಾನು ಪುಸ್ತಕದಲ್ಲಿ ಓದಿ ಕಲಿಯಬೇಕಾಗಲಿಲ್ಲ. ಊರಿನ ಕಾರುಗಳ ಡಿಕ್ಕಿಗಳೆಲ್ಲ ಅವನ ಲೆಕ್ಕಾಚಾರದ ಮೇಲೆ ಮೇಲೇಳುತ್ತಿದ್ದವು, ನಮ್ಮ ಮನೆಯ ಬಾಗಿಲೊಂದು ಏಳಲಿಲ್ಲ. ರಿಪೇರಿಯವನನ್ನು ಕರೆಯೋಣ ಎಂದು ಅಮ್ಮ ಅಂದದ್ದಕ್ಕೆ, ಸ್ಪ್ರಿಂಗ್ ವಿಷಯ ನನಗೆ ಯಾರೋ ಬಂದು ಹೇಳಿಕೊಡಬೇಕಾ ಎಂದು ಕೇಳಿ, ತಾನೇ ಒಂದನ್ನು ಆರ್ಡರ್ ಮಾಡಿದ. ಅದು ಬುಧವಾರ ಬರುವುದಿತ್ತು. ಅಲ್ಲಿಯವರೆಗೆ ಕಾರಿನ ಜಾಕನ್ನು ಬಾಗಿಲಿನ ಕೆಳಗಿಟ್ಟು ಒಂದೂವರೆ ಅಡಿ ಎತ್ತಿ, ಎರಡು ಕಡೆ ಸೌದೆಯ ತುಂಡು ಕೊಟ್ಟು ನಿಲ್ಲಿಸಿದ. ಬೇಸಿಗೆಯಲ್ಲಷ್ಟೇ ತೆಗೆಯುತ್ತಿದ್ದ ಹಿತ್ತಿಲಿನ ಗಾಜಿನ ಬಾಗಿಲೊಂದಿತ್ತು, ಆದರೆ ಅದರಾಚೆ ಮರದ ಡೆಕ್ಕಿನ ಮೇಲೆ ಸೊಂಟದೆತ್ತರ ಸ್ನೋ ಬಿದ್ದು ಹೆಪ್ಪುಗಟ್ಟಿತ್ತು. ಮುಂಬಾಗಿಲು ತೆಗೆಯೋಣವೇ ಎಂದು ಅಮ್ಮ ಕೇಳಿದಳು, ಹೆದರುತ್ತಲೇ.

"ಉತ್ತರಾಯಣ ಶುರುವಾದ ದಿನಾನೇ ಯಮನ ಬಾಗಿಲು ತೆಗೀತೀಯಾ? ಆಫೀಸಲ್ಲಿ ಮತ್ತೆ ಗುಸುಗುಸು ಶುರುವಾಗಿದೆ, ಗೊತ್ತಾ ನಿಂಗೆ?"

ಹಾಗಾಗಿ ನಾವು ತೆವಳಿದೆವು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವನ ಮನೆಯಲ್ಲಿ ಎರಡು ಕಾಲಿನವರು ತೆವಳದೆ ಏನು ಮಾಡುತ್ತಾರೆ? ಬೆಳಗ್ಗೆ ಮೊದಲು ನನ್ನ ಸ್ಕೂಲ್ ಚೀಲ ಹೊರಗೆ ಜಾರುತ್ತಿತ್ತು, ಆಮೇಲೆ ನಾನು ಅಂಗಾತ, ಕಣ್ಣಿನಿಂದ ಒಂದು ಗೇಣು ಮೇಲೆ ಆ ಬಾಗಿಲಿನ ಜಿಡ್ಡು ಹಿಡಿದ ತಳ. ಕಿತ್ತು ನೇತಾಡುತ್ತಿದ್ದ ರಬ್ಬರಿನಲ್ಲಿ ಇನ್ನೂ ಅರಿಶಿನ ಕುಂಕುಮವಿತ್ತು, ಅದು ಹಣೆಗೆ ತಾಗುತ್ತಿತ್ತು. ಅಪ್ಪನನ್ನು ಆಫೀಸಿಗೆ ಕರೆದೊಯ್ಯಲು ಬರುತ್ತಿದ್ದವರು ಅವನ ಜೊತೆ ಕೆಲಸ ಮಾಡುತ್ತಿದ್ದ ಧಾರವಾಡ ಕಡೆಯ ಪಾಟೀಲ್ ಅಂಕಲ್. ಮಂಗಳವಾರ ಅಪ್ಪ ಲ್ಯಾಪ್‌ಟಾಪ್ ಚೀಲ ತಳ್ಳಿಕೊಂಡು ಹೊಟ್ಟೆಯ ಮೇಲೆ ಹೊರಬರುವುದನ್ನು ಅವರು ಕಾರಿನಲ್ಲಿ ಕೂತೇ ನೋಡಿದರು.

"ಏನ್ರೀ ಸರ, ಬಿಲದಾಗಿಂದ ಹೆಗ್ಗಣ ಬಂದಂಗ ಬರಾಕತ್ತೀರಿ? ಒಂದ್ ಫೋನ್ ಹಚ್ಚ್ರಿ, ಅರ್ಧಾ ತಾಸಿನಾಗ ಬಂದು ಮಾಡಿ ಹೋಗ್ತಾರ."

"ಸ್ಪ್ರಿಂಗ್ ಆರ್ಡರ್ ಮಾಡಿದೀನಿ ಪಾಟೀಲ್ರೇ. ನಾಳೆ ಬರತ್ತೆ."

"ನಿಮ್ಮ ಬಾಗಲಾ, ನಿಮ್ಮ ಹೊಟ್ಟಿ. ನಾ ಏನ್ ಹೇಳಲಿ ಬಿಡ್ರಿ."

ಹೆಗ್ಗಣದ ಮಾತು ಆಡಿದ್ದೇ ತಡ, ಅದರ ನೆಂಟನೊಬ್ಬ ಬಂದೇಬಿಟ್ಟ. ಬುಧವಾರ ಬೆಳಗ್ಗೆ ಅಮ್ಮ ಗರಾಜಿನ ದೀಪ ಹಾಕಿದರೆ ಒಲೆಯ ಕೆಳಗೊಂದು ಒಪಾಸಮ್, ಬೆಕ್ಕಿನ ಗಾತ್ರದ ಪ್ರಾಣಿ, ಬಿಳಿ ಮುಖ, ಬೋಳು ಬಾಲ, ಮೂತಿಯೆಲ್ಲ ಎಣ್ಣೆ. ರಾತ್ರಿ ಹಪ್ಪಳ ಕರಿದು ಇನ್ನೂ ಬೆಚ್ಚಗಿದ್ದಾಗಲೇ ಬಾಣಲೆ ಉರುಳಿತ್ತು. ಮೂರು ಹಬ್ಬದ ಎಣ್ಣೆ ನೆಲದ ಮೇಲೆ ಹರಡಿ, ಇಳಿಜಾರಿಗೆ ಸರಿದು, ಸರಿಯಾಗಿ ನಾವು ತೆವಳುವ ಜಾಗದಲ್ಲಿ ಹೆಪ್ಪುಗಟ್ಟಿತ್ತು. ಪ್ರಾಣಿ ಅದರ ಮೇಲೆ ಓಡಾಡಿ, ಶೂಗಳ ಸಾಲಿನಲ್ಲಿ ಹೇತು ಹೋಗಿತ್ತು. ಅಮ್ಮ ಪೊರಕೆಯಿಂದ ಅದನ್ನು ಓಡಿಸಿದಳು, ಹೇಲು ಬಳಿದಳು, ಎಣ್ಣೆಯನ್ನು ದೋಸೆ ಮಗುಚುವ ಕೈಯಿಂದ ಕೆರೆದಳು. ಕೆರೆದಷ್ಟೂ ಹರಡಿತು. ಬಿಸಿನೀರು ಹಾಕಿ ತೊಳೆಯೋಣವೆಂದರೆ ನೀರಿನ ಹೆಸರೆತ್ತುವ ಧೈರ್ಯ ಆ ವಾರ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಸಂಜೆ ಹೊಸ ಸ್ಪ್ರಿಂಗು ಬಂತು. ಅಪ್ಪ ಏಣಿ ಹತ್ತಿ ಅದನ್ನು ಹಳೆಯದರ ಪಕ್ಕ ಹಿಡಿದು ನೋಡಿದ. ಹಳೆಯದು ಬಲಕ್ಕೆ ಸುತ್ತಿದ್ದು, ತರಿಸಿದ್ದು ಎಡಕ್ಕೆ ಸುತ್ತಿದ್ದು. ಅವನು ಬಹಳ ಹೊತ್ತು ಏಣಿಯ ಮೇಲೇ ಇದ್ದ. ಆಮೇಲೆ ಊಟಕ್ಕೆ ಕೂತು, ಅಪ್ಪ ಯಾವತ್ತೂ ಕಿರುಚುವವನಲ್ಲ, ಪಾಠ ಒಪ್ಪಿಸಿದಷ್ಟು ತಣ್ಣಗೆ ಹೇಳಿದ.

"ನಾಳೆ ಇಂಟರ್‌ವ್ಯೂ ಪೋಸ್ಟ್‌ಪೋನ್ ಮಾಡ್ಸು. ನೀರು ಹಾಕೋ ಮುಂಚೆ ಯೋಚನೆ ಮಾಡ್ಬೇಕಿತ್ತು."

"ಇನ್ನೊಂದ್ಸಲ ಕರೀತಾರೋ ಇಲ್ವೋ ರೀ."

"ಬಾಗಿಲು ಮುರ್ಕೊಂಡಿದ್ದು ಯಾರು? ನಾನಾ?"

ಅಮ್ಮ ಮಜ್ಜಿಗೆ ಬಡಿಸಿದಳು. ನಾನು ಅನ್ನ ಕಲಸಿದೆ. ಸೋಮವಾರದಿಂದ ಪ್ರತಿ ಊಟಕ್ಕೂ ಉಪ್ಪಿನಕಾಯಿಯ ಜೊತೆ ಈ ನೀರಿನ ಮಾತು ಇರುತ್ತಿತ್ತು, ಪ್ರತಿ ಸಲ ಅವಳು ತಪ್ಪೊಪ್ಪಿಕೊಳ್ಳುತ್ತಿದ್ದಳು, ನಾನು ತಲೆ ಬಗ್ಗಿಸಿ ಉಣ್ಣುತ್ತಿದ್ದೆ. ಹೇಳಿಬಿಡಬೇಕು ಎಂದು ಮೊದಲ ದಿನ ಅನ್ನಿಸಿತ್ತು. ಮೂರನೇ ದಿನದ ಹೊತ್ತಿಗೆ ಅನ್ನಿಸುವುದು ನಿಂತಿತ್ತು. ಅಷ್ಟು ಬೇಗ ನಿಲ್ಲುತ್ತದೆ ಅನ್ನುವುದು ನನಗೆ ಆ ವಾರ ಗೊತ್ತಾಯಿತು.

ಗುರುವಾರ ವಿಪರೀತ ಚಳಿಗೆ ಸ್ಕೂಲಿಗೆ ರಜೆ ಕೊಟ್ಟರು. ಅಪ್ಪ ಏಳಕ್ಕೇ ಎಣ್ಣೆಯಲ್ಲಿ ಹೊಟ್ಟೆ ಹೊರಳಿಸಿಕೊಂಡು ಹೋಗಿಯಾಗಿತ್ತು. ಅಮ್ಮ ಇಂಟರ್‌ವ್ಯೂ ಮುಂದೂಡಿರಲಿಲ್ಲ. ಪಾಟೀಲ್ ಅಂಕಲ್ ಅವರ ಹೆಂಡತಿಗೆ ಫೋನ್ ಮಾಡಿ, ಒಂಬತ್ತಕ್ಕೆ ಬನ್ನಿ ಎಂದಿದ್ದಳು. ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ ಅವಳು ಮೆಟ್ಟಿಲಿಳಿದು ಬಂದಳು. ಕಪ್ಪು ಕೋಟು, ಕಪ್ಪು ಪ್ಯಾಂಟು, ಬಿಗಿಯಾಗಿ ಕಟ್ಟಿದ ತುರುಬು. ನನಗೆ ಯಾರೋ ಬೇರೆಯವರ ಅಮ್ಮನ ಹಾಗೆ ಕಂಡಳು. ಮನೆಯೊಳಗಿಂದ ಗರಾಜಿಗಿಳಿಯುವ ಬಾಗಿಲು ತೆಗೆದು, ಎಣ್ಣೆಯ ಮೇಲೆ ಹಳೇ ಬೆಡ್‌ಶೀಟ್ ಹಾಸಿದಳು. ಕಸ ತುಂಬುವ ಎರಡು ದೊಡ್ಡ ಕಪ್ಪು ಚೀಲಗಳಿಗೆ ತೂತು ಮಾಡಿ, ಒಂದನ್ನು ಕಾಲಿನಿಂದ, ಒಂದನ್ನು ತಲೆಯಿಂದ ಹಾಕಿಕೊಂಡಳು. ಬೆಡ್‌ಶೀಟಿನ ಮೇಲೆ ಮಲಗಿದಳು. ಮೈಯ ಬಿಸಿಗೆ ಎಣ್ಣೆ ಕರಗಿ ಬಟ್ಟೆಯೊಳಗಿಂದ ಮೇಲಕ್ಕೆ ಒಸರತೊಡಗಿತು. ಸಂದಿಯ ಹತ್ತಿರ ತಲೆ ಒಯ್ದವಳು ಮುಂದೆ ತೆವಳಲಿಲ್ಲ. ಅವಳ ಮೂಗಿನ ನೇರಕ್ಕೆ, ಹಿಂದಿನ ದಿನ ಬಳಿಯುವಾಗ ಕಣ್ತಪ್ಪಿದ ಒಪಾಸಮ್ಮಿನ ಹೇಲು ಹೆಪ್ಪುಗಟ್ಟಿ ಕೂತಿತ್ತು.

"ಛೀ," ಎಂದಳು ಅಮ್ಮ.

ಆ ಒಂದು ಅಕ್ಷರವನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಎದ್ದು ಕೂತು, ಚೀಲಗಳನ್ನು ಹರಿದು ಎಸೆದಳು. ಕೋಟಿನ ತೋಳನ್ನು ಮೂಗಿಗೆ ಹಿಡಿದು ನೋಡಿದಳು. ನನ್ನ ಕಡೆ ತಿರುಗದೆಯೇ ನೇರವಾಗಿ ಮುಂದಿನ ಹಜಾರಕ್ಕೆ ನಡೆದಳು.

"ಬಾ, ಕೈ ಹಾಕು."

ಅಕ್ಕಿ ಮೂಟೆಗಳನ್ನು ಒಂದೊಂದಾಗಿ ಎಳೆದು ಹಾಕಿದೆವು. ಸೂಟ್‌ಕೇಸುಗಳನ್ನು ಇಳಿಸುವ ತಾಳ್ಮೆಯಿರಲಿಲ್ಲ, ಅವು ತಾವೇ ಬಿದ್ದವು. ಬೀರುವನ್ನು ನಾನು ಎಳೆದೆ, ಅವಳು ಭುಜ ಕೊಟ್ಟು ತಳ್ಳಿದಳು. ಅದರ ಹಿಂದೆ ವರ್ಷಗಟ್ಟಲೆಯ ಧೂಳು, ಇಲಿಯ ಹಿಕ್ಕೆ, ನೂರಾರು ಸತ್ತ ಹುಳುಗಳು, ಅಕ್ಕಿಯ ನುಸಿ, ಎಂದೋ ಕಳೆದುಹೋಗಿದ್ದ ನನ್ನ ಒಂದು ಕೈಗವಸು. ಯಮನ ಕುರುಹು ಮಾತ್ರ ಕಾಣಲಿಲ್ಲ. ಅಮ್ಮ ಟೇಪನ್ನು ಉಗುರಿನಿಂದ ಕಿತ್ತು ಪ್ಲಾಸ್ಟಿಕ್ಕನ್ನು ಒಂದೇ ಸಲಕ್ಕೆ ಎಳೆದಳು. ಚಿಲಕ ತಿರುಗಲು ಒಪ್ಪಲಿಲ್ಲ. ಸೆರಗಿಲ್ಲದ ಕೋಟಿನ ತುದಿಯಿಂದಲೇ ಹಿಡಿದು ಎರಡೂ ಕೈಯಲ್ಲಿ ತಿರುವಿದಳು. ಬಾಗಿಲು ತೆರೆಯಿತು. ಒಳಗೆ ಬಂದ ಗಾಳಿ ಮೂಗು ಕೊಯ್ಯುವಷ್ಟು ತಣ್ಣಗಿತ್ತು, ಅದಕ್ಕೆ ಯಾವ ವಾಸನೆಯೂ ಇರಲಿಲ್ಲ. ರಸ್ತೆಯಲ್ಲಿ ಪಾಟೀಲ್ ಆಂಟಿಯ ಕಾರು ಹೊಗೆ ಬಿಡುತ್ತ ನಿಂತಿತ್ತು.

ಅವಳು ಮೊಣಕಾಲುದ್ದದ ಸ್ನೋನಲ್ಲಿ ಒಂದು ಕಾಲಿಟ್ಟಾಗ ನನಗೆ ಹೇಳಬೇಕೆನ್ನಿಸಿತು. ಬರೀ ಅನ್ನಿಸಲಿಲ್ಲ, ಬಾಯಿಯನ್ನೂ ತೆರೆದೆ.

"ಅಮ್ಮ."

"ಬಾಗಿಲು ಹಾಕ್ಕೋ ಪುಟ್ಟಿ, ಹೀಟ್ ಎಲ್ಲ ಹೋಗತ್ತೆ."

ಹಾಕಿಕೊಂಡೆ.

ಕೆಲಸ ಅವಳಿಗೆ ಸಿಕ್ಕಿತು. ಶನಿವಾರ ಅವಳೇ ಫೋನ್ ಮಾಡಿ ರಿಪೇರಿಯವನನ್ನು ಕರೆಸಿದಳು. ಅವನು ನಲವತ್ತು ನಿಮಿಷದಲ್ಲಿ ಬಾಗಿಲು ಸರಿಮಾಡಿದ. ಅಷ್ಟೂ ಹೊತ್ತು ಅಪ್ಪ ಹಿಂದೆ ನಿಂತು ಅವನಿಗೆ ಸ್ಪ್ರಿಂಗಿನ ಬಗ್ಗೆ ಪಾಠ ಹೇಳಿದ. ಬೀರು ಪೂರ್ತಿ ತನ್ನ ಜಾಗಕ್ಕೆ ಮರಳಲಿಲ್ಲ, ಒಬ್ಬರು ಅಡ್ಡಡ್ಡ ನುಸುಳುವಷ್ಟು ಸಂದು ಬಿಟ್ಟು ನಿಂತಿತು. ಆ ಸಂದಿನಿಂದ ಅಮ್ಮ ದಿನಾ ಲ್ಯಾಬಿಗೆ ಹೋದಳು, ಅಪ್ಪ ಗರಾಜಿನಿಂದ ಆಫೀಸಿಗೆ ಹೋದ. ಬೇಸಿಗೆಗೆ ಮೊದಲು ಅಪ್ಪನ ಕೆಲಸ ನಿಜವಾಗಿಯೂ ಹೋಯಿತು. ಅಷ್ಟರಲ್ಲಿ ಗ್ರೀನ್ ಕಾರ್ಡ್ ಕೈಗೆ ಬಂದಿದ್ದರಿಂದ ದೇಶ ಬಿಡಬೇಕಾಗಲಿಲ್ಲ, ಆದರೆ ಎಂಟು ತಿಂಗಳು ಆ ಮನೆ ನಿಂತದ್ದು ಅಮ್ಮನ ಸಂಬಳದ ಮೇಲೆ. ಆದರೆ ಅಪ್ಪನ ಪ್ರಕಾರ ಕೆಲಸ ಹೋದದ್ದು ದಕ್ಷಿಣದ ಬಾಗಿಲು ತೆಗೆದದ್ದಕ್ಕೆ, ಬಾಗಿಲು ತೆಗೆಯಬೇಕಾದದ್ದು ಗರಾಜು ಕೆಟ್ಟದ್ದಕ್ಕೆ, ಗರಾಜು ಕೆಟ್ಟದ್ದು ಅಮ್ಮ ನೀರು ಹಾಕಿದ್ದಕ್ಕೆ. ಅಲ್ಲಿಂದ ಮುಂದೆ ಅದು ಮನೆಯ ಗಾದೆಯೇ ಆಯಿತು. ಮಿಕ್ಸಿ ಸುಟ್ಟರೆ, ಕಾರು ಸ್ಟಾರ್ಟ್ ಆಗದಿದ್ದರೆ, ನನಗೆ ಗಣಿತದಲ್ಲಿ ಕಡಿಮೆ ಬಂದರೆ, ಅಪ್ಪ ನಗುತ್ತ ಹೇಳುತ್ತಿದ್ದ, ನಿಮ್ಮಮ್ಮ ನೀರು ಹಾಕಿರ್ತಾಳೆ. ಕಡೆಕಡೆಗೆ ಅಮ್ಮನೇ ಬಂದ ನೆಂಟರಿಗೆ ಆ ಕಥೆಯನ್ನು ಹೇಳಿ ನಗಿಸತೊಡಗಿದಳು. ಹೇಳುತ್ತ ಹೇಳುತ್ತ ಬಟ್ಟೆಯಿಂದ ನೀರು ತೊಟ್ಟಿಕ್ಕುವುದನ್ನು ಕೈಯಾಡಿಸಿ ತೋರಿಸುತ್ತಿದ್ದಳು. ಒಂದು ಮಾತ್ರ ನಾನು ಗಮನಿಸಿದ್ದೆ. ಆಮೇಲಿನ ವರ್ಷಗಳಲ್ಲಿ ಅವಳು ಯಾವ ಒದ್ದೆ ಬಟ್ಟೆಯನ್ನೂ, ಅಡುಗೆಮನೆಯ ಕಟ್ಟೆ ಒರೆಸುವ ಬಟ್ಟೆಯನ್ನು ಕೂಡ, ಬೆರಳಿನ ಗಿಣ್ಣು ಬೆಳ್ಳಗಾಗುವವರೆಗೆ ಮೂರು ಮೂರು ಸಲ ಹಿಂಡುತ್ತಿದ್ದಳು.

ಈಗ ನಾನು ನೇಪರ್‌ವಿಲ್‌ನಲ್ಲಿದ್ದೇನೆ. ನನ್ನ ಗರಾಜಿನಲ್ಲಿ ಒಂದು ಕಾರು ಬಿಟ್ಟರೆ ಏನೂ ಇಲ್ಲ, ನೆಲದ ಮೇಲೆ ಊಟ ಬಡಿಸಬಹುದು. ಬಂದವರು ಆಸ್ಪತ್ರೆಯ ಹಾಗಿದೆ ಎನ್ನುತ್ತಾರೆ. ಕಳೆದ ಜನವರಿಯಲ್ಲಿ ಅಪ್ಪ ಒಂದು ತಿಂಗಳಿಗೆ ಬಂದಿದ್ದ. ಅಮ್ಮನಿಗೆ ರಜೆ ಇರಲಿಲ್ಲ, ಅವಳು ಇವತ್ತಿಗೂ ಅದೇ ಲ್ಯಾಬಿನಲ್ಲಿ ದುಡಿಯುತ್ತಾಳೆ. ಒಂದು ಮಧ್ಯಾಹ್ನ ಗರಾಜಿನ ಬಟನ್ ಒತ್ತಿದರೆ ಅದೇ ಪಟಾಕಿ ಸದ್ದು. ನಾನು ರಿಪೇರಿಯವನಿಗೆ ಫೋನ್ ಮಾಡಿ ಒಳಗೆ ಬಂದೆ. ಅಪ್ಪ ಮಂಕಿಕ್ಯಾಪ್ ಹಾಕಿಕೊಂಡು ಅಡುಗೆಮನೆಯ ಟೇಬಲ್ಲಿಗೆ ಕೂತು ಕಿತ್ತಳೆ ಸುಲಿಯುತ್ತಿದ್ದ.

"ಏನು, ನೀರು ಹಾಕಿದ್ಯಾ? ನಿಮ್ಮಮ್ಮನ ಥರ?"

ಅಷ್ಟು ವರ್ಷ ಬಾರದ ಮಾತು ಆಗ ಸಲೀಸಾಗಿ ಬಂತು.

"ಅವತ್ತು ಹಾಕಿದ್ದು ಅಮ್ಮ ಅಲ್ಲ ಅಪ್ಪ. ನಾನು. ಬಕೆಟ್ ಪೂರ್ತಿ ಅಲ್ಲೇ ಸುರಿದೆ."

"ಗೊತ್ತು."

"ಏನು ಗೊತ್ತು?"

"ಅವತ್ತೇ ಗೊತ್ತಿತ್ತು. ನಿನ್ನ ಸಾಕ್ಸ್ ಹಳದಿ ಆಗಿತ್ತಲ್ಲ."

ಅವನು ತೊಳೆಯ ಮೇಲಿನ ಬಿಳಿ ನಾರನ್ನು ಜೋಪಾನವಾಗಿ ಬಿಡಿಸಿ ತಟ್ಟೆಯ ಅಂಚಿಗಿಟ್ಟ.

"ಮತ್ತೆ ಅಮ್ಮನ್ನ ಯಾಕೆ ಅಂದೆ? ಇಷ್ಟು ವರ್ಷ?"

"ಹಬ್ಬದ ದಿನ, ಸ್ಕೂಲಿಗೆ ಹೊರಟಿರೋ ಮಗೂನ ಬೈಯೋಕಾಗತ್ತಾ? ಅವಳಿಗಾದ್ರೆ ಅಭ್ಯಾಸ ಇತ್ತು."

ಒಂದು ತೊಳೆಯನ್ನು ನನಗೂ ಚಾಚಿದ. ಆ ಕೈಯನ್ನು ನೋಡಿ ನನಗೆ ಅಸಹ್ಯವಾಯಿತು. ಬಾಣಲೆಯ ಎಣ್ಣೆ, ಒಪಾಸಮ್ಮು, ಹಣೆಗೆ ತಾಗಿದ ರಬ್ಬರು ಎಲ್ಲ ಸೇರಿದರೂ ಅಷ್ಟು ಅಸಹ್ಯವಾಗಿರಲಿಲ್ಲ. ಬೈಯಲು ಬಾಯಿ ತೆರೆದೆ. ಆದರೆ ಹನ್ನೆರಡು ವರ್ಷದ ನಾನು ತಲೆ ಬಗ್ಗಿಸಿ ಅನ್ನ ಕಲಸಿದ್ದೂ ಇದೇ ಲೆಕ್ಕದ ಮೇಲೆಯೇ. ಅವನು ಬಾಯಿಬಿಟ್ಟು ಹೇಳಿದ, ನಾನು ಹೇಳಿರಲಿಲ್ಲ, ಅಷ್ಟೇ ವ್ಯತ್ಯಾಸ. ಎದ್ದು ಮೇಲಿನ ಕೋಣೆಗೆ ಹೋಗಿ ಅಮ್ಮನಿಗೆ ಫೋನ್ ಮಾಡಿದೆ. ಅವಳ ಊಟದ ಹೊತ್ತು. ಹಿಂದೆ ಮೈಕ್ರೋವೇವಿನ ಸದ್ದು ಕೇಳುತ್ತಿತ್ತು.

"ಏನೇ, ಈ ಹೊತ್ನಲ್ಲಿ? ಅಪ್ಪ ಚೆನ್ನಾಗಿದಾರಾ?"

"ಚೆನ್ನಾಗಿದಾರೆ. ಅಮ್ಮ, ಆ ಸಂಕ್ರಾಂತಿ ದಿನ ಗರಾಜಿಗೆ ನೀರು ಹಾಕಿದ್ದು ನಾನು. ನೀನು ಟಾಯ್ಲೆಟ್‌ಗೆ ಸುರಿ ಅಂದಿದ್ದು, ಅಲ್ಲೇ ಸುರಿದೆ."

ಮೈಕ್ರೋವೇವು ನಿಂತು ಮೂರು ಸಲ ಕೂಗಿತು. ಅವಳು ಬಾಗಿಲು ತೆಗೆದ ಸದ್ದು ಬರಲಿಲ್ಲ.

"ನಾನಲ್ವಾ?"

"ನೀನಲ್ಲ ಅಮ್ಮ."

ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ಹಾಗಾದ್ರೆ ನಾನು ಬಟ್ಟೆ ಸರಿಯಾಗೇ ಹಿಂಡಿದ್ದೆ," ಎಂದಳು.